ಗಣಕೀಕೃತ ದಾಖಲೆ ಮತ್ತು ಕಾಂತೀಯ ಸಂಧಿತಲ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ
ವಿಜಯಪುರ ಜಿಲ್ಲೆಯ ಸಾರವಾಡದ ರೈತರು ತಮ್ಮ ಜಮೀನಿನ ಪಹಣಿ (ಉತಾರ) ಕೋರಿದಾಗ, ಕಂದಾಯ ಇಲಾಖೆಯ ‘ಭೂಮಿ’ ವ್ಯವಸ್ಥೆಯ ಮೂಲಕ ಮುದ್ರಿತ ಪ್ರತಿಯನ್ನು ನೀಡಲಾಗುತ್ತದೆ. ಗಣಕಯಂತ್ರದ ಹಾರ್ಡ್ ಡಿಸ್ಕ್‌ನಲ್ಲಿ ಯಾವುದೇ ಬರಹವು ಅತಿ ಸೂಕ್ಷ್ಮ ಕಾಂತೀಯ ವಲಯಗಳ ದಿಕ್ಕಿನ ರೂಪದಲ್ಲಿ ಉಳಿದಿರುತ್ತದೆ. ವಿದ್ಯುತ್ ಕಡಿತವಾದರೂ ಆ ದಿಕ್ಕು ಅಳಿಯುವುದಿಲ್ಲ. ಇಂತಹ ದಿಕ್ಕನ್ನು ಕಡಿಮೆ ವಿದ್ಯುತ್ತಿನಿಂದ ಬದಲಾಯಿಸುವ ಸಂಶೋಧನೆಯ ಪರಿಚಯವನ್ನು ಇಲ್ಲಿ ನೀಡಲಾಗಿದೆ.

2. ಟೋಪಾಲಾಜಿಕಲ್ ಇನ್ಸುಲೇಟರ್ ಎಂದರೇನು?
ಒಳಭಾಗದಲ್ಲಿ ವಿದ್ಯುತ್ತನ್ನು ಹರಿಯಗೊಡದೆ, ಮೇಲ್ಮೈಯಲ್ಲಿ ಮಾತ್ರ ಹರಿಯಬಿಡುವ ವಸ್ತುವಿದು. ಬಿಸ್ಮತ್ ಸೆಲೆನೈಡ್ ಇದಕ್ಕೆ ಉದಾಹರಣೆ. ಇದರ ಮೇಲ್ಮೈಯಲ್ಲಿ ಎಲೆಕ್ಟ್ರಾನು ಚಲಿಸುವ ದಿಕ್ಕಿಗೂ ಅದರ ‘ಸ್ಪಿನ್’ ಎಂಬ ಕಾಂತೀಯ ಗುಣದ ದಿಕ್ಕಿಗೂ ಬಿಡಿಸಲಾಗದ ನಂಟಿದೆ. ಆದುದರಿಂದ ವಿದ್ಯುತ್ ಹರಿದೊಡನೆ ಸ್ಪಿನ್‌ಗಳು ಒಂದೇ ಕಡೆಗೆ ವಾಲುತ್ತವೆ.

3. ಸಂಧಿತಲದಲ್ಲಿ ನಡೆಯುವುದೇನು?
ಈ ವಸ್ತುವಿನ ಮೇಲೆ ಕಾಂತೀಯ ಪದರವನ್ನು ಕೂಡಿಸಿದಾಗ, ಎರಡೂ ಸೇರುವ ಸಂಧಿತಲದಲ್ಲಿ ಪರಸ್ಪರ ಪ್ರಭಾವ ಉಂಟಾಗುತ್ತದೆ.
(ಅ) ವಾಲಿದ ಸ್ಪಿನ್‌ಗಳು ಕಾಂತೀಯ ಪದರದ ದಿಕ್ಕನ್ನು ತಿರುಗಿಸಲು ಯತ್ನಿಸುತ್ತವೆ. ಬಿಸ್ಮತ್ ಸೆಲೆನೈಡ್ ಮತ್ತು ನಿಕ್ಕಲ್-ಕಬ್ಬಿಣದ ಮಿಶ್ರಲೋಹದ ನಡುವೆ ಇಂತಹ ಪ್ರಬಲ ತಿರುಚುಬಲವು ಕೊಠಡಿಯ ತಾಪಮಾನದಲ್ಲಿಯೇ ಕಂಡುಬಂದಿರುವುದನ್ನು 2014ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು.
(ಆ) ಕಾಂತೀಯ ಪದರವು ತನ್ನ ಗುಣವನ್ನು ನೆರೆಯ ಮೇಲ್ಮೈಗೂ ಹರಡಬಲ್ಲದು. ಯುರೋಪಿಯಂ ಸಲ್ಫೈಡ್ ಸುಮಾರು 17 ಕೆಲ್ವಿನ್‌ಗಿಂತ (ಮೈನಸ್ 256 ಡಿಗ್ರಿ ಸೆಲ್ಸಿಯಸ್) ಕೆಳಗೆ ಮಾತ್ರ ಕಾಂತವಾಗಿರುತ್ತದೆ. ಬಿಸ್ಮತ್ ಸೆಲೆನೈಡ್‌ನೊಡನೆ ಸೇರಿದಾಗ ಸಂಧಿತಲದ ಕಾಂತತ್ವವು ಕೊಠಡಿಯ ತಾಪಮಾನದವರೆಗೂ ಉಳಿಯುತ್ತದೆಂದು ಎಂ.ಐ.ಟಿ.ಯ ಭಾರತೀಯ ಮೂಲದ ವಿಜ್ಞಾನಿ ಜಗದೀಶ್ ಮೂಡೇರ ಮತ್ತು ಸಹೋದ್ಯೋಗಿಗಳು 2016ರಲ್ಲಿ ವರದಿ ಮಾಡಿದರು. ಆದರೆ 2020ರಲ್ಲಿ ಪ್ರಕಟವಾದ ಬೇರೊಂದು ತಂಡದ ಅಳತೆಗಳಲ್ಲಿ ಅಂತಹ ಪ್ರಭಾವ ಕಂಡುಬರಲಿಲ್ಲ. ಆದ್ದರಿಂದ ಈ ಅಂಶವನ್ನು ಇತ್ಯರ್ಥವಾದ ಸಂಗತಿಯೆಂದು ಭಾವಿಸತಕ್ಕದ್ದಲ್ಲ.

4. ಪ್ರಯೋಜನ
1995ರಲ್ಲಿ ಮೂಡೇರ ಅವರ ತಂಡವೂ ಜಪಾನಿನ ತಂಡವೊಂದೂ ತೆಳುಪದರಗಳ ಮತ್ತೊಂದು ಕಾಂತೀಯ ಗುಣವನ್ನು ಕೊಠಡಿಯ ತಾಪಮಾನದಲ್ಲಿ ತೋರಿಸಿದ್ದವು. ಮುಂದೆ ಅದು ಹಾರ್ಡ್ ಡಿಸ್ಕ್ ಓದುವ ಭಾಗದಲ್ಲಿ ಬಳಕೆಗೆ ಬಂದಿತು. ಸಂಧಿತಲದ ಸಂಶೋಧನೆಯಿಂದಲೂ ಕಡಿಮೆ ವಿದ್ಯುತ್ತಿನ ಸ್ಮೃತಿ ಸಾಧನಗಳನ್ನು ನಿರೀಕ್ಷಿಸಲಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಇಂತಹ ವಸ್ತುಗಳ ಅಧ್ಯಯನ ನಡೆಯುತ್ತಿದೆ.

5. ಅರ್ಜಿದಾರರ ಗಮನಕ್ಕೆ
ಈ ಸಂಶೋಧನೆಯಿಂದ ಪಹಣಿ ಪಡೆಯುವ ವಿಧಾನದಲ್ಲಿ ಯಾವ ಬದಲಾವಣೆಯೂ ಆಗಿರುವುದಿಲ್ಲ. ಕಾಂತೀಯ ಸಾಧನವು ಬರೆದುದನ್ನು ಕಾಯುತ್ತದೆಯೇ ಹೊರತು, ಬರೆದುದು ಸರಿಯೇ ಎಂದು ಪರಿಶೀಲಿಸುವುದಿಲ್ಲ. ತಪ್ಪಾಗಿ ನಮೂದಾದ ಹೆಸರು ಅಥವಾ ವಿಸ್ತೀರ್ಣವೂ ಅಷ್ಟೇ ಭದ್ರವಾಗಿ ಉಳಿಯುತ್ತದೆ. ಆದ್ದರಿಂದ ಖಾತೆದಾರರು ಪ್ರತಿ ಪಡೆದ ಕೂಡಲೇ ಹೆಸರು, ಸರ್ವೆ ನಂಬರು ಮತ್ತು ವಿಸ್ತೀರ್ಣವನ್ನು ಓದಿ ನೋಡತಕ್ಕದ್ದು. ದೋಷವಿದ್ದಲ್ಲಿ ಆಧಾರ ದಾಖಲೆಗಳೊಂದಿಗೆ ತಾಲ್ಲೂಕು ಕಛೇರಿಯಲ್ಲಿ ತಿದ್ದುಪಡಿಗೆ ಅರ್ಜಿ ಸಲ್ಲಿಸತಕ್ಕದ್ದು.