ಬೆರಳ ತುದಿಗೆ ಬರುವ ಅಕ್ಷರ

ಇಟ್ಟಂಗಿಹಾಳದಂಥ ಊರಿನಲ್ಲಿ ಕಣ್ಣುಳ್ಳ ಮಗುವು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಅಕ್ಷರದ ಮುಖ ಕಂಡಿರುತ್ತದೆ. ವಿಜಯಪುರದಿಂದ ಬರುವ ಬಸ್ಸಿನ ಹಣೆಯಲ್ಲಿ, ಗುಡಿಯ ಗೋಡೆಯಲ್ಲಿ, ಚಹಾಪುಡಿಯ ಪೊಟ್ಟಣದಲ್ಲಿ ಅಕ್ಷರಗಳು ತಾವಾಗಿಯೇ ಎದುರಾಗುತ್ತವೆ. ಅದೇ ಓಣಿಯಲ್ಲಿ ಅಂಧ ಮಗುವೊಂದಿದ್ದರೆ ಅದಕ್ಕೆ ಆರು ವರ್ಷ ತುಂಬಿದರೂ ಒಂದಕ್ಷರವೂ ಎದುರಾಗದೆ ಹೋಗಬಹುದು. ಇದು ಬುದ್ಧಿಯ ಕೊರತೆಯಲ್ಲ. ಅಕ್ಷರವು ಅದರ ಕೈಗೆಟುಕುವಂತೆ ಯಾರೂ ಇಡಲಿಲ್ಲ, ಅಷ್ಟೆ.

ಕಿವಿಯ ವಿದ್ಯೆ ಎಷ್ಟು ದೂರ ಒಯ್ಯಬಲ್ಲದೆಂಬುದನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮವು ನಾಡಿಗೇ ತೋರಿಸಿದೆ. ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ (1914–2010) ಸ್ವತಃ ಅಂಧರಾಗಿದ್ದು ಅಸಂಖ್ಯ ಬಾಲಕರಿಗೆ ಸಂಗೀತದ ಆಸರೆಯಾದರು. ಆದರೆ ಸ್ವರಕ್ಕೆ ಕಿವಿ ಸಾಕು, ಕಾಗುಣಿತಕ್ಕೆ ಸಾಲದು. ಈಗ ದೂರವಾಣಿಯೇ ಪಾಠ ಓದಿ ಹೇಳುತ್ತದೆ; 2006ರಲ್ಲಿ ಆಸ್ಟ್ರೇಲಿಯದ ಅಂಧ ತರುಣರೊಬ್ಬರು ಆರಂಭಿಸಿದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವು ಗಣಕಯಂತ್ರದಲ್ಲಿ ಕನ್ನಡವನ್ನೂ ಉಚ್ಚರಿಸುತ್ತದೆ. ಬಹು ಉಪಕಾರಿಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ‘ಋಷಿ’ಯೋ ‘ರುಷಿ’ಯೋ ಎಂಬುದನ್ನು ಆ ಧ್ವನಿಯಿಂದ ಮಗು ತಿಳಿಯುವುದೆಂತು? ಕೇಳಿದ್ದು ಭಾಷೆಯಾಯಿತು, ಓದಿದ್ದಾಗಲಿಲ್ಲ.

ಓದು ಬರುವುದು ಬ್ರೈಲ್‌ನಿಂದ. ಆರು ಚುಕ್ಕೆಗಳು, ಅವುಗಳಿಂದ 63 ಆಕೃತಿಗಳು. 1951ರಲ್ಲಿ ಅಂಗೀಕೃತವಾದ ಭಾರತಿ ಬ್ರೈಲ್‌ನಲ್ಲಿ ಕನ್ನಡದ ‘ಕ’ಕ್ಕೂ ಮರಾಠಿಯ ‘ಕ’ಕ್ಕೂ ಒಂದೇ ಆಕೃತಿ, ಗಡಿನಾಡಿನ ನಮಗೆ ಇದು ಸಣ್ಣ ಸೌಕರ್ಯವಲ್ಲ. ಇನ್ನೊಂದು ಸ್ವಾರಸ್ಯವುಂಟು. ಮುದ್ರಣದ ‘ಸ್ತ್ರೀ’ಯಲ್ಲಿ ಕಡೆಗೆ ನುಡಿಯುವ ಈಕಾರವು ಮೊದಲ ಸಕಾರದ ತಲೆಯೇರಿ ಕುಳಿತಿರುತ್ತದೆ, ಉಳಿದವು ಒತ್ತಾಗಿ ಕೆಳಗೆ ಇಳಿಯುತ್ತವೆ. ಬ್ರೈಲ್‌ನಲ್ಲಿ ಸ್, ತ್, ರ, ಈ ಎಂದು ಉಚ್ಚಾರದ ಕ್ರಮದಲ್ಲಿಯೇ ಸಾಲಾಗಿ ಬರುತ್ತವೆ. ಒತ್ತಕ್ಷರದಲ್ಲಿ ತಡವರಿಸುವ ನಮ್ಮ ಎರಡನೆಯ ಇಯತ್ತೆಯವರು ಅಸೂಯೆಪಡಬೇಕು!

ತೊಡಕಿರುವುದು ಬರೆಹದಲ್ಲಿ. ಬ್ರೈಲ್ ಪಾಟಿಯ ಮೇಲೆ ಮೊಳೆಯಿಂದ ಬಲದಿಂದ ಎಡಕ್ಕೆ, ಅಕ್ಷರ ತಿರುವಿ ಚುಚ್ಚಬೇಕು. ಹಾಳೆ ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಐದು ವರ್ಷದ ಕೂಸಿಗೆ ಇದು ಹೊರೆ. 1951ರಲ್ಲಿಯೇ ಬಳಕೆಗೆ ಬಂದ ಪರ್ಕಿನ್ಸ್ ಬ್ರೈಲ್ ಯಂತ್ರಕ್ಕೆ ಚುಕ್ಕೆಗೊಂದರಂತೆ ಆರು ಕೀಲಿಗಳು. ಒತ್ತಿದ ಅಕ್ಷರ ಒಡನೆಯೇ ಬೆರಳಿಗೆ ದೊರೆಯುತ್ತದೆ. ಹೊಸ ವಿದ್ಯುನ್ಮಾನ ಉಪಕರಣಗಳಲ್ಲಿ ಚುಕ್ಕೆಗಳು ತಾವೇ ಎದ್ದು ಇಳಿಯುತ್ತವೆ, ಬೆಲೆ ಮಾತ್ರ ಹೆಚ್ಚು.

ದಾನಿಗಳು ಮೊದಲು ಏನು ಕೊಡಬೇಕೆಂದು ಕೇಳಿದರೆ, ಗಣಕಯಂತ್ರಕ್ಕಿಂತ ಮುಂಚೆ ಇಂಥದೊಂದು ಯಂತ್ರ ಮತ್ತು ಅದನ್ನು ಬಲ್ಲ ಶಿಕ್ಷಕರ ತರಬೇತಿ ಎನ್ನುವೆನು. ಮನೆಯವರಿಗೆ ಖರ್ಚಿಲ್ಲದ ಕೆಲಸವಿದೆ: ಆರು ಗುಳಿಗಳ ಹಲಗೆಯಲ್ಲಿ ಹುಣಸೆಬೀಜವಿಟ್ಟು ಅಕ್ಷರ ಕೂಡಿಸುವುದು, ಜೋಳದ ಡಬ್ಬಿಗೂ ಬೆಲ್ಲದ ಡಬ್ಬಿಗೂ ಚುಕ್ಕೆಯ ಚೀಟಿ ಅಂಟಿಸುವುದು. ಮಗು ಬೆಲ್ಲದ ಡಬ್ಬಿಯನ್ನೇ ಮೊದಲು ಓದಲು ಕಲಿತೀತು.