ಎದುರಂಗಡಿ ಇದ್ದಾಗ ಬೆಲೆ ಎಷ್ಟು?

ಪೆನ್ನು, ಕಾಗದ, ಫೈಲು, ಅಂಟು. ಇವನ್ನು ಮಾರುವ ಅಮೆರಿಕದ ಎರಡು ಭಾರೀ ಮಳಿಗೆ ಸರಪಳಿಗಳು, ಸ್ಟೇಪಲ್ಸ್ ಮತ್ತು ಆಫೀಸ್ ಡಿಪೋ, 1996ರ ಸೆಪ್ಟೆಂಬರಿನಲ್ಲಿ ಒಂದಾಗಲು ಹೊರಟವು. ಅವು ಒಂದಾದರೆ ಆ ಬಗೆಯ ಮಳಿಗೆಯಾಗಿ ಎದುರಿಗೆ ಉಳಿಯುವುದು ಆಫೀಸ್‌ಮ್ಯಾಕ್ಸ್ ಒಂದೇ. ಕಂಪನಿಗಳ ವಾದ ನೇರವಾಗಿತ್ತು: ಪೆನ್ನು ಕಾಗದ ಎಲ್ಲಿ ಸಿಗುವುದಿಲ್ಲ? ಒಟ್ಟು ಮಾರಾಟದಲ್ಲಿ ನಮ್ಮಿಬ್ಬರ ಪಾಲು ಶೇ. 5.5 ಮಾತ್ರ.

ಇದನ್ನು ತೂಗಿ ನೋಡುವ ಹೊಣೆ, ಕಂಪನಿಗಳ ವಿಲೀನಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ಅರ್ಥಶಾಸ್ತ್ರಜ್ಞರದ್ದು. ಅವರು ಕರೆತಂದವರಲ್ಲಿ ಒಬ್ಬರು ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕ ಆರ್ಲಿ ಆಶೆನ್‌ಫೆಲ್ಟರ್. ಅವರಿಗೆ ಹೆಸರು ತಂದದ್ದು ಅಂಗಡಿಗಳ ಅಧ್ಯಯನವಲ್ಲ, ಕಾರ್ಮಿಕರ ಸಂಬಳದ ಅಧ್ಯಯನ. ತರಬೇತಿಯಿಂದ ದುಡಿಮೆ ಹೆಚ್ಚಿತೇ ಎಂದು ತಿಳಿಯಲು ಅದೇ ಕೆಲಸಗಾರನ ಸಂಬಳವನ್ನು ತರಬೇತಿಯ ಮುಂಚೆ, ಆಮೇಲೆ ಎಂದು ಹೋಲಿಸುವ ದಾರಿಯನ್ನು ಅವರು 1970ರ ದಶಕದಲ್ಲೇ ಹಿಡಿದಿದ್ದರು. ಕೆಲಸಗಾರನ ಜಾಗದಲ್ಲಿ ಅಂಗಡಿಯನ್ನಿಟ್ಟರೆ ಅದೇ ದಾರಿ ಇಲ್ಲಿಗೂ ಬರುತ್ತದೆ. ನನಗೆ ಅರ್ಥಶಾಸ್ತ್ರಜ್ಞರ ಈ ಕಸುಬಿನ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲಿಯೇ.

ಸ್ಟೇಪಲ್ಸ್ ಒಂದೇ ಇರುವ ಊರುಗಳಲ್ಲಿ ಅದರ ಬೆಲೆ, ಮೂರೂ ಇರುವ ಊರುಗಳಿಗಿಂತ ಶೇ. 13ರಷ್ಟು ಹೆಚ್ಚು ಎಂದು ಲೆಕ್ಕ ತೋರಿಸಿತು. ಆದರೆ ಊರಿಂದೂರಿಗೆ ಬಾಡಿಗೆ ಬೇರೆ, ಸಂಬಳ ಬೇರೆ, ಕೊಳ್ಳುವವರೂ ಬೇರೆ. ಆದ್ದರಿಂದ ಒಂದೇ ಅಂಗಡಿಯನ್ನು ತಿಂಗಳಿಂದ ತಿಂಗಳಿಗೆ ಹಿಂಬಾಲಿಸಬೇಕು. ಪಕ್ಕದಲ್ಲಿ ಆಫೀಸ್ ಡಿಪೋ ಬಾಗಿಲು ತೆರೆದಾಗ ಅದರ ಬೆಲೆ ಎಷ್ಟು ಇಳಿಯಿತೆಂದು ನೋಡಬೇಕು. ನಾನೂರಕ್ಕೂ ಹೆಚ್ಚು ಅಂಗಡಿಗಳ ಬೆಲೆಪಟ್ಟಿಯನ್ನು ಹೀಗೆ ಜಾಲಾಡಿದರು. ಕಂಪನಿಗಳ ಪರವಾಗಿ ಎಂಐಟಿಯ ಅರ್ಥಶಾಸ್ತ್ರಜ್ಞ ಜೆರ್ರಿ ಹೌಸ್‌ಮನ್ ಅಷ್ಟೇ ಗಟ್ಟಿಯಾಗಿ ನಿಂತರು. ಎದುರಾಳಿ ಎಂದು ಯಾರನ್ನು ಎಣಿಸಬೇಕು, ಇಡೀ ನಗರದಲ್ಲಿರುವ ಅಂಗಡಿಗಳನ್ನೋ, ಇಷ್ಟು ಮೈಲಿಯೊಳಗಿನವನ್ನೋ? ಈ ಒಂದು ಆಯ್ಕೆ ಬದಲಾದರೂ ಉತ್ತರ ಬದಲಾಗುತ್ತದೆ.

ವಿಲೀನ ತಡೆಯಲು ಕಮಿಷನ್ ಹೂಡಿದ ಮೊಕದ್ದಮೆಯನ್ನು ಆಲಿಸಿದ ನ್ಯಾಯಾಧೀಶ ಥಾಮಸ್ ಹೋಗನ್ ತಾವೇ ಮಳಿಗೆಗಳಿಗೆ ಹೋಗಿ ನೋಡಿಬಂದರು. 1997ರ ಜೂನ್ 30ರಂದು ವಿಲೀನಕ್ಕೆ ತಡೆ ಬಿತ್ತು. ಜಟಿಲ ಸಮೀಕರಣಗಳಿಗಿಂತ ನೇರವಾದ ಬೆಲೆ ಹೋಲಿಕೆಯೂ ಕಂಪನಿಗಳ ಒಳಗಿನ ಕಾಗದಪತ್ರಗಳೂ ಅವರ ಮನಸ್ಸನ್ನು ಹೆಚ್ಚು ಒಪ್ಪಿಸಿದವು. ಇದರಿಂದ ಸಮೀಕರಣಗಳ ಬೆಲೆ ಕುಂದಿತು ಎಂದು ನಾನು ಒಪ್ಪುವುದಿಲ್ಲ. ಸರಳ ಹೋಲಿಕೆಯನ್ನು ನಂಬಬಹುದೇ ಎಂದು ಒರೆಗೆ ಹಚ್ಚಿದ್ದು ಅವೇ.

ತರಗತಿಯಿಂದ ನ್ಯಾಯಾಲಯಕ್ಕೆ ಬಂದದ್ದು ಇದಾದರೆ, ನ್ಯಾಯಾಲಯದಿಂದ ತರಗತಿಗೆ ಹೋದದ್ದೂ ಇದೆ. ಒಂದಾದರೆ ಖರ್ಚು ಉಳಿಯುತ್ತದೆ, ಉಳಿದ ನೂರರಲ್ಲಿ 67ರಷ್ಟು ಗಿರಾಕಿಗೆ ಬಿಟ್ಟುಕೊಡುತ್ತೇವೆ ಎಂದು ಕಂಪನಿಗಳು ಹೇಳಿದ್ದವು. ಹಳೆಯ ಲೆಕ್ಕ ತೆಗೆದರೆ ಬಿಟ್ಟುಕೊಟ್ಟದ್ದು ಸುಮಾರು 15. ಏಕೆ ಇಷ್ಟು ಅಂತರ? ಕಾಗದದ ಬೆಲೆ ಎಲ್ಲರಿಗೂ ಇಳಿದಾಗ ಎದುರಂಗಡಿಯೂ ಬೆಲೆ ಇಳಿಸುತ್ತದೆ, ಇವರೂ ಇಳಿಸದೆ ಗತಿಯಿಲ್ಲ. ತನ್ನೊಬ್ಬನ ಖರ್ಚು ಮಾತ್ರ ಇಳಿದರೆ ಅಂಥ ಒತ್ತಡವಿಲ್ಲ. ಉಳಿತಾಯದ ಹೆಚ್ಚಿನ ಪಾಲು ಗಲ್ಲಾಪೆಟ್ಟಿಗೆಯಲ್ಲೇ ನಿಲ್ಲುತ್ತದೆ. ಈ ಎರಡನ್ನೂ ಬೇರ್ಪಡಿಸಿ ಅಳೆಯುವ ಬಗೆಯನ್ನು ಆಶೆನ್‌ಫೆಲ್ಟರ್, ಆಗ ಕಮಿಷನ್ನಿನ ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಜೊನಾಥನ್ ಬೇಕರ್ ಮತ್ತು ಇನ್ನಿಬ್ಬರು 1998ರಲ್ಲಿ ಪ್ರಬಂಧವಾಗಿ ಬರೆದರು. ಮೊಕದ್ದಮೆ ನಡೆಯದಿದ್ದರೆ ಇಷ್ಟು ಸೂಕ್ಷ್ಮವಾದ ಪ್ರಶ್ನೆಯನ್ನು ಕೇಳುವ ತುರ್ತೇ ಅವರಿಗೆ ಇರುತ್ತಿರಲಿಲ್ಲ.

ಮುಂದೆ ಆಫೀಸ್ ಡಿಪೋ ಮತ್ತು ಆಫೀಸ್‌ಮ್ಯಾಕ್ಸ್ ಒಂದಾಗಲು ಬಂದವು. ಕಮಿಷನ್ ಮತ್ತೆ ಬೆಲೆಗಳನ್ನು ಹರಡಿಕೊಂಡು ಕುಳಿತಿತು. ಅಷ್ಟರಲ್ಲಿ ವಾಲ್‌ಮಾರ್ಟ್, ಅಮೆಜಾನ್‌ಗಳೂ ಪೆನ್ನು ಕಾಗದದ ಪೇಟೆಗೆ ಇಳಿದು, ಈ ಮಳಿಗೆಗಳು ಅವುಗಳ ಬೆಲೆಯನ್ನೂ ನೋಡಿ ತಮ್ಮ ಬೆಲೆ ಕಟ್ಟುತ್ತಿದ್ದವು. 2013ರ ನವೆಂಬರಿನಲ್ಲಿ ಕಮಿಷನ್ ಆ ವಿಲೀನಕ್ಕೆ ಅಡ್ಡಿ ಮಾಡಲಿಲ್ಲ.