ಅಡ್ಡಹೆಸರಿನಲ್ಲಿ ಉಳಿದ ನೌಕರರ ಪಟ್ಟಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಯಾವ ಊರಿನ ಮತದಾರರ ಪಟ್ಟಿ ತೆರೆದರೂ ಪಾಟೀಲ, ಕುಲಕರ್ಣಿ, ಬಡಿಗೇರ, ಕಂಬಾರ, ಕುಂಬಾರ, ಹಡಪದ, ಅಗಸರ, ತಳವಾರ, ವಾಲೀಕಾರ ಎಂಬ ಅಡ್ಡಹೆಸರುಗಳು ಸಾಲುಗಟ್ಟಿ ಬರುತ್ತವೆ. ಇವು ಬರಿಯ ಮನೆತನದ ಗುರುತುಗಳಲ್ಲ. ಊರೆಂಬ ಸಂಸ್ಥೆಯಲ್ಲಿ ಒಂದು ಕಾಲಕ್ಕೆ ಯಾರ ಕೆಲಸ ಯಾವುದಾಗಿತ್ತು ಎಂಬುದರ ದಾಖಲೆಗಳು.

‘ಮಾನವ ಸಂಪನ್ಮೂಲ ನಿರ್ವಹಣೆ’ ಎಂಬ ಮಾತು ಕಂಪನಿಗಳ ಜೊತೆ ಬಂದದ್ದು. ತಕ್ಕ ಜನರನ್ನು ಆರಿಸುವುದು, ಸಂಬಳ ಗೊತ್ತುಮಾಡುವುದು, ರಜೆ, ಬಡ್ತಿ, ಕುಂದುಕೊರತೆ ನೋಡಿಕೊಳ್ಳುವುದು ಆ ವಿಭಾಗದ ಕೆಲಸ. ಅಂಥ ವಿಭಾಗವಿಲ್ಲದ ಊರಿಗೂ ಈ ಪ್ರಶ್ನೆಗಳು ಇದ್ದೇ ಇದ್ದವು. ಅದು ಕಂಡುಕೊಂಡ ಉತ್ತರವೇ ಆಯಗಾರ ಪದ್ಧತಿ.

ಬಡಿಗ ಕೂರಿಗೆ, ಕುಂಟೆಗಳನ್ನು ಮಾಡಿಕೊಟ್ಟು ವರ್ಷವಿಡೀ ದುರಸ್ತಿ ನೋಡಿಕೊಳ್ಳಬೇಕು. ಕಂಬಾರ ಕುಡಗೋಲು ಹಣಿದು ಕೊಡಬೇಕು. ಆಗಾಗಿನ ಕೆಲಸಕ್ಕೆ ಕೂಲಿಯಿಲ್ಲ. ಸುಗ್ಗಿಯಲ್ಲಿ ಕಣದಲ್ಲಿ ಜೋಳದ ರಾಶಿಯಾದಾಗ ಅವರವರ ಆಯವನ್ನು ರೈತ ಅಳೆದುಕೊಡುತ್ತಿದ್ದ. ಯಾರಿಗೆ ಎಷ್ಟು ಎಂಬುದು ರೂಢಿಯಿಂದ ಗೊತ್ತಾದದ್ದು. ಬಿತ್ತನೆಯ ಹೊತ್ತಿಗೆ ಕೈಯಲ್ಲಿ ಕಾಸಿಲ್ಲದ ರೈತನಿಗೆ ಇದು ಅನುಕೂಲ. ಬಡಿಗನೂ ಕೆಲಸ ಗಟ್ಟಿಯಾಗಿಯೇ ಮಾಡಬೇಕು. ಕೂರಿಗೆ ಮುರಿದರೆ ಪುಕ್ಕಟೆ ದುರಸ್ತಿ ಅವನ ತಲೆಗೇ ಬರುತ್ತಿತ್ತು! ಆದರೆ ರಾಶಿಯೇ ಇಲ್ಲದ ವರ್ಷ ಆಯವೂ ಇಲ್ಲ. 1876-78ರ ಬರದಂಥ ಕಾಲದಲ್ಲಿ ಹೊಲವಿಲ್ಲದ ಆಯಗಾರನ ಪಾಡು ರೈತನಿಗಿಂತ ಕಡೆ.

ಗೌಡಕಿ, ಕುಲಕರ್ಣಿಕಿಗಳು ಇದಕ್ಕಿಂತ ಮೇಲಿನ ಹುದ್ದೆಗಳು. ಅವುಗಳಿಗೆ ವತನದ ಜಮೀನಿತ್ತು. ಮುಂಬಯಿ ಸರಕಾರ 1874ರಲ್ಲಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಯನ್ನೇ ಮಾಡಿ, ಅಣ್ಣತಮ್ಮಂದಿರ ಮನೆಗಳಲ್ಲಿ ಯಾರ ಪಾಳಿ ಯಾವಾಗ ಎಂಬುದಕ್ಕೂ ನಿಯಮ ಹಾಕಿತು. ಕೆಲಸಕ್ಕೆ ತಕ್ಕ ಮನುಷ್ಯನನ್ನು ಹುಡುಕುವ ತೊಂದರೆಯೇ ಇರಲಿಲ್ಲ. ತೊಟ್ಟಿಲಲ್ಲಿದ್ದಾಗಲೇ ನೇಮಕ ಆಗಿಹೋಗುತ್ತಿತ್ತು.

ಬಡ್ತಿಯ ಮಾತಂತೂ ದೂರ. ತಳವಾರ ಎಷ್ಟೇ ಜಾಣನಾದರೂ ಕುಲಕರ್ಣಿಯ ದಫ್ತರ ಅವನ ಕೈಗೆ ಬರುತ್ತಿರಲಿಲ್ಲ. ಕೆಳಗಿನ ಸೇವಕರಿಗೆ ಹೊತ್ತುಗೊತ್ತೂ ಇರಲಿಲ್ಲ. ಕರೆ ಬಂದಾಗ ಹೋಗಬೇಕು, ಅವನಿಲ್ಲದಿದ್ದರೆ ಮನೆಯವರು ಹೋಗಬೇಕು. ಡಾ. ಅಂಬೇಡ್ಕರ್ 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಈ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದದ್ದು ಇಂಥ ದುಡಿಮೆಯ ವಿರುದ್ಧವೇ. ವತನದ ತುಂಡು ನೆಲದ ಆಸೆಯೇ ತಮ್ಮ ಜನರನ್ನು ಕಟ್ಟಿಹಾಕಿದೆ ಎಂಬುದು ಅವರ ವಾದ. ಮಸೂದೆ ಪಾಸಾಗಲಿಲ್ಲ. ವಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿಯೇ ಇತ್ತು.

ಇದೇ ನೆಲದಲ್ಲಿ ಕಸುಬಿನ ಹೆಸರಿಗೆ ಬೇರೊಂದು ಬೆಲೆಯೂ ಬಂದಿತ್ತೆಂಬುದು ಗಮನಿಸಬೇಕಾದ ಸಂಗತಿ. ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯಲ್ಲಿ. ಅವರ ಆಪ್ತ ಹಡಪದ ಅಪ್ಪಣ್ಣ ಅದೇ ತಾಲ್ಲೂಕಿನ ಮಸಬಿನಾಳದವರೆಂದೂ, ಮಡಿವಾಳ ಮಾಚಿದೇವ ಹಿಂದೆ ಸಿಂದಗಿ ತಾಲ್ಲೂಕಿನಲ್ಲಿದ್ದ ದೇವರಹಿಪ್ಪರಗಿಯವರೆಂದೂ ಪ್ರತೀತಿ. ಹನ್ನೆರಡನೆಯ ಶತಮಾನದ ಶರಣರು ಕಸುಬನ್ನು ಕಾಯಕವೆಂದು ಕರೆದು, ಅದರ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡರು. ಬಟ್ಟೆ ಒಗೆಯುವವನೂ ಮಂತ್ರಿಯೂ ಒಂದೇ ಗೋಷ್ಠಿಯಲ್ಲಿ ಕುಳಿತರು. ಮುಂದಿನ ಶತಮಾನಗಳಲ್ಲಿ ಊರು ಆ ಹೆಸರುಗಳನ್ನು ಉಳಿಸಿಕೊಂಡಿತು, ಗೋಷ್ಠಿಯನ್ನು ಉಳಿಸಿಕೊಳ್ಳಲಿಲ್ಲ.

ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ಮೈಸೂರು ರಾಜ್ಯದ 1961ರ ಕಾಯ್ದೆ ರದ್ದುಮಾಡಿತು; ಅದು ಜಾರಿಗೆ ಬಂದದ್ದು 1963ರಲ್ಲಿ. ಕುಲಕರ್ಣಿಯ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗ ಬಂದ. ಆಯವನ್ನು ಮಾತ್ರ ಯಾವ ಕಾಯ್ದೆಗಿಂತ ಹೆಚ್ಚಾಗಿ ಟ್ರ್ಯಾಕ್ಟರು, ಪ್ಲಾಸ್ಟಿಕ್ ಕೊಡಗಳು ಸವೆಸಿದವು. ಈಗ ಗ್ರಾಮ ಆಡಳಿತಾಧಿಕಾರಿಯ ಹುದ್ದೆಗೆ ಕುಲಕರ್ಣಿ ಮನೆತನದವನೂ ವಾಲೀಕಾರ ಮನೆತನದವಳೂ ಒಂದೇ ಅರ್ಜಿ ತುಂಬುತ್ತಾರೆ. ಆ ಅಧಿಕಾರಿಯ ಕೈಕೆಳಗೆ ಊರಲ್ಲಿ ಓಡಾಡುವ ಗ್ರಾಮ ಸಹಾಯಕರು ಮಾತ್ರ ಗೌರವಧನದ ಮೇಲೆಯೇ ದುಡಿಯುತ್ತ, ತಮಗೂ ಸೇವಾಭದ್ರತೆ ಬೇಕೆಂದು ಕೇಳುತ್ತ ಬಂದಿದ್ದಾರೆ.